ಟ್ಯಾಂಕು ತಣ್ಣಗಾಗೋವರೆಗೆ

ನಮ್ಮ ಸೆಕ್ಷನ್‌ನಲ್ಲಿ ನಗು ಬರೋ ಪ್ರಸಂಗಗಳಿಗೇನೂ ಬರ ಇರಲಿಲ್ಲ. ಏನು ಕರ್ಮವೋ, ಎಲ್ಲಾ ಅಳಬೇಕಾದ ದಿನವೇ ಆಗ್ತಿದ್ವು.

ಮಾಲೂರಿನ ಒಂದು ಕಾರ್ಖಾನೆಯಲ್ಲಿ ನಾನು ಶಿಫ್ಟ್ ಇನ್‌ಚಾರ್ಜ್ ಆಗಿದ್ದೆ. ಮಾತ್ರೆಗೆ ಹೋಗೋ ಒಂದು ಉಪ್ಪನ್ನ ಹರಳು ಮಾಡೋದು ನಮ್ಮ ಕೆಲಸವಾಗಿತ್ತು. ಬಿಸಿನೀರು ಹಿಡಿಯೋವಷ್ಟೂ ಉಪ್ಪು ಕರಗಿಸಿ, ಟ್ಯಾಂಕಿನಲ್ಲಿ ನಿಧಾನವಾಗಿ ತಣ್ಣಗೆ ಮಾಡಬೇಕು. ಆಗ ನೀರು ತನ್ನ ಶಕ್ತಿ ಮೀರಿ ಉಪ್ಪು ಹೊತ್ಕೊಂಡು ನಿಂತಿರುತ್ತೆ. ಆ ಹದದಲ್ಲಿ ಒಂದಿಷ್ಟು ಹಳೇ ಹರಳನ್ನ ಬೀಜ ಅಂತ ಹಾಕಿದ್ರೆ ಹೊಸ ಹರಳು ಬೆಳೀತವೆ, ಒಳ್ಳೆ ತುಪ್ಪ ಮರಳುಮರಳಾಗಿ ಗಟ್ಟಿಯಾದ ಹಾಗೆ. ಅವಸರ ಮಾಡಿದ್ರೋ, ಹೊತ್ತಿದ್ದನ್ನೆಲ್ಲಾ ಒಂದೇ ಸಲಕ್ಕೆ ಕೆಡವಿ ಗಂಜಿಯಾಗುತ್ತೆ. ಗಂಜಿ ಯಾರಿಗೆ ಬೇಕು? ಮೇಲಿಂದ ಮೇಲೆ ಗಂಜಿಯೇ ಬಂದಾಗ ಹೆಡ್ ಆಫೀಸಿನವರು ಹೇಳಿಬಿಟ್ರು, ಹೀಗೇ ಆದ್ರೆ ಸೆಕ್ಷನ್ ಮುಚ್ಚೋದೇ ಅಂತ. ನಮ್ಮೆಲ್ಲರ ಅನ್ನ ಆ ಟ್ಯಾಂಕಿನಲ್ಲಿತ್ತು.

ಸಂಜೆ ಟ್ರೈನು

ಉದ್ಧಾರ ಮಾಡೋಕೆ ಅಂತ ಹೊಸ ಮ್ಯಾನೇಜರ್ ಬಂದ್ರು. ದಿನಾ ಬೆಂಗಳೂರಿಂದ ಟ್ರೈನಲ್ಲಿ ಓಡಾಡೋರು. ಟ್ಯಾಂಕು ತಣ್ಣಗಾಗೋ ಹೊತ್ತು ಅವರ ಸಂಜೆ ಟ್ರೈನಿಗೆ ಹೊಂದ್ತಿರಲಿಲ್ಲ. ಒಂದು ದಿನ ತಡೀಲಾರದೆ ತಣ್ಣೀರಿನ ವಾಲ್ವ್ ಪೂರ್ತಿ ತಿರುಗಿಸಿದ್ರು. ಬೇಡ ಸಾರ್ ಅಂದೆ. ತಣ್ಣಗಾಗೋದು ತಾನೇ ಬೇಕಾಗಿರೋದು ಅಂದ್ರು. ಗಂಜಿ ಹೋಗಿ ಫಿಲ್ಟರ್ ಬಟ್ಟೆಗೆ ಮೆತ್ಕೊಳ್ತು. ಪಾಪ, ಅವರೂ ಅಂಗಿ ತೋಳು ಮಡಚಿ ನಮ್ಮ ಜೊತೆ ಕೆರೆದ್ರು. ಅವತ್ತು ಟ್ರೈನು ಬಹಳ ಲೇಟಾಗಿ ಬಂತಂತೆ. ಆದ್ರೂ ಅವರಿಗೆ ಸಿಗಲಿಲ್ಲ.

ಆಯುಧಪೂಜೆ

ನಮ್ಮ ಆಪರೇಟರ್ ಆಂಧ್ರ ಗಡಿಯ ಬೈರಕೂರು ಕಡೆಯವನು, ಕನ್ನಡದ ಮಧ್ಯೆ ತೆಲುಗು ತೂರಿಸೋ ಆಸಾಮಿ. ಮಗಳ ಮದುವೆ ನಿಶ್ಚಯವಾಗಿತ್ತು. ಗಂಡಿನ ಕಡೆಯೋರು ಒಪ್ಪಿದ್ದೇ ಇವನ ಕಂಪನಿ ಕೆಲಸ ನೋಡಿ. ಹಾಗಾಗಿ ಅವನ ಭಯಭಕ್ತಿ ನಮಗಿಂತ ಒಂದು ಕೈ ಹೆಚ್ಚು.

ಆಯುಧಪೂಜೆ ದಿನ ಟ್ಯಾಂಕಿಗೆ ಹೂವು, ಅರಿಶಿನ, ಕುಂಕುಮ ಎಲ್ಲಾ ಆಯ್ತು. ಇನ್ನೂ ಬೀಜ ಹಾಕೋ ಹೊತ್ತಾಗಿರಲಿಲ್ಲ, ಇವನು ಮುಚ್ಚಳ ತೆಗೆದು ಒಂದು ಹಿಡಿ ಕುಂಕುಮ ಒಳಗೂ ಹಾಕಿಬಿಟ್ಟ. ಕಾಯ್ತಾ ಇದ್ದ ಉಪ್ಪಿಗೆ ಅಷ್ಟು ನೆಪ ಸಾಕಾಯ್ತು. ಇಡೀ ಟ್ಯಾಂಕು ಗುಲಾಬಿ ಗಂಜಿ. ನನಗೆ ಮೈಯೆಲ್ಲ ಉರಿದುಹೋಯ್ತು, ಬಾಯಿಗೆ ಬಂದ ಹಾಗೆ ಬೈದೆ. ಎಲ್ಲಾ ಕೇಳಿಸ್ಕೊಂಡ.

"ಏಂ ಚೇಸೇದಿ ಸಾರ್, ಏನು ಮಾಡ್ಲಿ," ಅಂದ. "ಕುಂಕುಮ ಹೊರಗೆ ಇಟ್ರೆ ತಾಯಿ ಹೊರಗೆ ತಾನೇ ಕಾಯ್ತಾಳೆ? ಕೆಡ್ತಿರೋದು ಒಳಗಲ್ವಾ?"

ಕೊನೇ ಬ್ಯಾಚು

ಮುಂದಿನ ಬ್ಯಾಚಿಗೆ ಹದ ನೋಡಿ ಬೀಜ ಹಾಕಿದ್ವಿ, ಅಷ್ಟರಲ್ಲಿ ಹೆಡ್ ಆಫೀಸಿನ ಫೋನ್ ಬಂತು. ಕೊಳ್ಳೋರು ಬೇರೆ ಕಡೆ ನೋಡ್ಕೊಂಡಾಗಿತ್ತು, ಸೆಕ್ಷನ್ ಮುಚ್ಚಿದ್ರು. ಮ್ಯಾನೇಜರ್ ತಲೆ ತಗ್ಗಿಸಿಕೊಂಡೇ ಹೇಳಿದ್ರು. ಒಳಗೆ ಕಲಕೋ ಯಂತ್ರ ತನ್ನ ಪಾಡಿಗೆ ಮೆಲ್ಲಗೆ ತಿರುಗ್ತಾ ಇತ್ತು. ವಾಲ್ವ್ ಯಾರೂ ಮುಟ್ಟಲಿಲ್ಲ, ಇನ್ನೇನಕ್ಕೆ? ಗೇಟಿನ ಹತ್ತಿರ ಹುಣಸೆಮರದ ಕೆಳಗೆ ಹೋಗಿ ಕೂತ್ವಿ. ಬೀಗರಿಗೆ ಏನು ಹೇಳಲಿ ಅಂತ ಆಪರೇಟರ್ ಅತ್ತ.

ಮಾರನೇ ದಿನ ತೊಳೆದಿಡೋಣ ಅಂತ ಟ್ಯಾಂಕಿನ ಮುಚ್ಚಳ ತೆಗೆದ್ರೆ, ಒಳಗೆಲ್ಲಾ ಹರಳು. ದಪ್ಪಕ್ಕೆ, ಒಂದೇ ಸಮನಾಗಿ, ಕಲ್ಲುಸಕ್ಕರೆ ಹಾಗೆ ಹೊಳೀತಿದ್ವು. ನನ್ನ ಸರ್ವಿಸಿನಲ್ಲೇ ಅಂಥದ್ದು ನೋಡಿರಲಿಲ್ಲ.

ಮ್ಯಾನೇಜರ್ ಅಂಗೈ ತುಂಬ ಹಿಡ್ಕೊಂಡು ಬಹಳ ಹೊತ್ತು ನೋಡಿದ್ರು.

"ಇದನ್ನ ಮೊದಲೇ ಮಾಡೋಕೆ ಏನಾಗಿತ್ತಪ್ಪಾ ನಿಮಗೆ?" ಅಂದ್ರು.

ಆಪರೇಟರ್ ಕಣ್ಣೊರೆಸ್ಕೊಂಡ.

"ಆಗ ನಮಗೆ ಕೆಲಸ ಇತ್ತಲ್ಲ ಸಾರ್."