ಐದೂವರೆ ವರ್ಷದ ಜಡ್ಡಿನ ರಜೆ

೧೯೬೫ನೇ ಇಸವಿ ಜೂನ್ ತಿಂಗಳಲ್ಲಿ, ಮಸ್ಕಿ ಮತ್ತು ಸಿಂಧನೂರಿನ ನಡುವಣ ಅರವತ್ಮೂರನೇ ಮೈಲ್ ಕಾಲುವೆ ಕ್ಯಾಂಪಿನ ದವಾಖಾನೆಯಲ್ಲಿ ಡಾಕ್ಟರರ ಹುದ್ದೆ ಭರ್ತಿಯಾಗಿತ್ತು. ಡಾಕ್ಟರರು ಮಾತ್ರ ಇರಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲವೆಂದು ಕಡತದಲ್ಲಿ ನಮೂದಾಗಿದೆ.

ಆ ಕ್ಯಾಂಪಿನಲ್ಲಿ ಸಂತೆಕಲ್ಲೂರಿನ ಅಮರಗುಂಡಪ್ಪ ಎಂಬ ಇಪ್ಪತ್ಮೂರರ ಯುವಕ ಕಾಲುವೆ ನೀರಿನ ಮಟ್ಟ ಬರೆದಿಡುವ ಕೆಲಸದಲ್ಲಿದ್ದ. ಮೂರು ತಾಸಿಗೊಮ್ಮೆ ಅಳತೆಗೋಲು ನೋಡಬೇಕು. ಮನೆಯಲ್ಲಿ ತಾಯಿ ಕರೆಮ್ಮ, ಹೆಂಡತಿ ಗದ್ದೆಮ್ಮ, ಇಬ್ಬರು ಹೆಣ್ಣುಮಕ್ಕಳು, ಒದೆಯುವ ಒಂದು ಎಮ್ಮೆ. ಇಷ್ಟರ ನಡುವೆ ಅವನಿಗೆ ಡಾಕ್ಟರಾಗಬೇಕಿತ್ತು. ಅವನು ಚಿಕ್ಕವನಿದ್ದಾಗ ಜ್ವರ ಬಂದ ತಮ್ಮನನ್ನು ಬಂಡಿಯಲ್ಲಿ ಲಿಂಗಸುಗೂರಿನ ಆಸ್ಪತ್ರೆಗೆ ಒಯ್ದಿದ್ದರು. ಬಂಡಿ ಮುಟ್ಟಿತು, ತಮ್ಮ ಮುಟ್ಟಲಿಲ್ಲ. ಅಂದಿನಿಂದ ಅವನಿಗೆ ಈ ಹಟ.

ಪಿಯುಸಿಯಲ್ಲಿ ಮೂರು ಸಲ ನಪಾಸಾಗಿದ್ದ. ಮೊದಲ ಸಲ ಪ್ರತಿ ಉತ್ತರದ ಮುಂದೆಯೂ ರೂಢಿಯ ಮೇಲೆ ವೇಳೆ ಮತ್ತು ನೀರಿನ ಮಟ್ಟ ಬರೆದುಬಿಟ್ಟಿದ್ದ. ಎರಡನೇ ಸಲ ಪರೀಕ್ಷೆಯ ದಿನವೇ ಎಮ್ಮೆ ಈಯಿತು. ಮೂರನೇ ಸಲ ಎರಡನೇ ಮಗಳು ಹುಟ್ಟಿದಳು. ನಾಲ್ಕನೇ ವರ್ಷ ಗದ್ದೆಮ್ಮ ತಾನೇ ಅಂಕಿ ಕಲಿತು, "ಕೋಲು ನಾ ನೋಡ್ತೀನಿ, ನೀ ಪುಸ್ತಕ ನೋಡು" ಎಂದು ಕೂಸನ್ನು ಕಂಕುಳಲ್ಲಿಟ್ಟುಕೊಂಡು ಕಾಲುವೆಯ ದಂಡೆಗೆ ನಡೆದಳು. ಅಮರಗುಂಡಪ್ಪನಿಗೆ ನೂರಕ್ಕೆ ನಲವತ್ತೊಂದು ಬಂತು. ಆ ವರ್ಷದ ನೀರಿನ ಅಳತೆ ತೀರಾ ಸರಿಯಾಗಿರುವುದಕ್ಕೆ ಕಾರಣ ಕೇಳಿ ಮೇಲಿನ ಕಚೇರಿಯಿಂದ ಪತ್ರವೂ ಬಂತು.

ಅವನು ವೈದ್ಯಕೀಯ ಕಾಲೇಜಿಗೆ ಅರ್ಜಿ ಬರೆದ. ನೌಕರರ ಅರ್ಜಿ ಕಚೇರಿಯ ಮೂಲಕವೇ ಹೋಗತಕ್ಕದ್ದು. ಅದನ್ನು ಕಳಿಸಿಕೊಟ್ಟ ಹೆಡ್ ಕ್ಲಾರ್ಕ್ ಹಂಪಣ್ಣನವರು, ಆ ತಿಂಗಳ ಖಾಲಿ ಹುದ್ದೆಗಳ ಪಟ್ಟಿಯಲ್ಲಿ ಡಾಕ್ಟರ್ ಎಂಬುದರ ಎದುರಿಗೆ 'ಒಬ್ಬರು ಆಗುವವರಿದ್ದಾರೆ' ಎಂದು ಬರೆದರು. ಮೇಲಿನ ಕಚೇರಿ ಅದನ್ನು 'ಒಬ್ಬರಿದ್ದಾರೆ' ಎಂದು ಓದಿಕೊಂಡು, ಅಮರಗುಂಡಪ್ಪನ ಹೆಸರಿಗೆ ಒಂದು ಮೊಹರು ಮತ್ತು ಒಂದು ಸ್ಟೆತಾಸ್ಕೋಪು ಕಳಿಸಿತು. ಹಂಪಣ್ಣನವರು ತಿದ್ದುಪಡಿ ಬರೆಯಲಿಲ್ಲ. ಆರು ವರ್ಷದಿಂದ ದವಾಖಾನೆಯ ಕೋಣೆಗಳಲ್ಲಿ ಅವರ ಶೇಂಗಾ ಚೀಲಗಳಿದ್ದವು. ನಿಜವಾದ ಡಾಕ್ಟರರು ಬಂದರೆ ಅವರಿಗೂ ಜಾಗ ಬೇಕಾಗುತ್ತಿತ್ತು.

ಅಮರಗುಂಡಪ್ಪ ಪ್ರಾಮಾಣಿಕ. ಬಂದ ರೋಗಿಗಳಿಗೆಲ್ಲ ತಾನು ಡಾಕ್ಟರಲ್ಲವೆಂದು ತಿಳಿಸಿ, ಸಿಮೆಂಟಿನ ಲಾರಿ ಹತ್ತಿಸಿ ಲಿಂಗಸುಗೂರಿಗೆ ಕಳಿಸುತ್ತಿದ್ದ. ಅಲ್ಲಿ ಅವರು ಗುಣವಾಗುತ್ತಿದ್ದರು. ವರ್ಷವಿಡೀ ಒಂದೂ ಸಾವಿಲ್ಲದ ಕಾರಣ ಈ ದವಾಖಾನೆಯನ್ನು ಮಾದರಿ ದವಾಖಾನೆ ಎಂದು ಘೋಷಿಸಲಾಯಿತು.

ಅಷ್ಟರಲ್ಲಿ ಸೀಟು ಬಂತು. ಹಿಂದುಳಿದ ತಾಲೂಕಿನವರಿಗೆಂದು ಎರಡು ಸೀಟು ಇಟ್ಟಿದ್ದರು; ಅರ್ಜಿ ಬಂದದ್ದು ಒಂದೇ. ಗದ್ದೆಮ್ಮ ಪತ್ರದಲ್ಲಿನ ಅಂಕಿಗಳನ್ನಷ್ಟೇ ಓದಿ ಅತ್ತಳು. ಅಮರಗುಂಡಪ್ಪ ಕುಣಿಯುವುದೊಂದು ಬಾಕಿ ಇಟ್ಟು ಕಚೇರಿಗೆ ಓಡಿದ.

ಈಗಾಗಲೇ ಡಾಕ್ಟರಾಗಿರುವವರಿಗೆ ಡಾಕ್ಟರಿಕೆ ಓದಲು ರಜೆ ಕೊಡಲು ಬರುವುದಿಲ್ಲ ಎಂದರು ಹಂಪಣ್ಣನವರು. ಕೆಲಸವನ್ನೇ ಬಿಡುತ್ತೇನೆ ಅನ್ನಲು ಅವನಿಗೆ ಬಾಯಿ ಬರಲಿಲ್ಲ. ಬಿಟ್ಟರೆ ಮನೆಯಲ್ಲಿ ಒಲೆ ಹೊತ್ತುವಂತಿರಲಿಲ್ಲ. ಅವನು ಬಿಡುವುದು ಹಂಪಣ್ಣನವರಿಗೂ ಬೇಕಿರಲಿಲ್ಲ. ಅವರು ರಜೆಯ ನಿಯಮಗಳ ಪುಸ್ತಕ ತೆಗೆದು ಒಂದೊಂದೇ ಹಾಳೆ ತಿರುವಿದರು.

"ಜಡ್ಡಿನ ರಜಾ ಕೊಡಾಕ ಬರತೈತಿ," ಎಂದರು ಕೊನೆಗೆ ಹಂಪಣ್ಣನವರು. "ಡಾಕ್ಟರ್ ಸರ್ಟಿಫಿಕೇಟ್ ಬೇಕು."

"ಯಾವ ಡಾಕ್ಟರ್‌ದ್ರೀ?"

"ಕ್ಯಾಂಪಿನ ಡಾಕ್ಟರ್‌ದು. ಮೊಹರ್ ನಿನ್ ಹಂತೇಕೇ ಐತಲ್ಲ."

"ನನಗ ಜಡ್ಡೇ ಇಲ್ಲಲ್ರೀ. ಸುಳ್ಳು ಹ್ಯಾಂಗ ಬರೀಲಿ?"

"ಸುಳ್ಳು ಬ್ಯಾಡ. ನಿನಗ ಏನೈತೋ ಅದನ್ನ ಬರಿ."

ಅಮರಗುಂಡಪ್ಪ ಸ್ಟೆತಾಸ್ಕೋಪನ್ನು ತನ್ನ ಎದೆಗೇ ಇಟ್ಟು ಕೇಳಿದ. ಎದೆ ಹೊಡೆದುಕೊಳ್ಳುವುದು ಬರಿಗಿವಿಗೇ ಕೇಳುತ್ತಿತ್ತು. ಆಮೇಲೆ ಬರೆದ: 'ಸದರಿ ನೌಕರನಿಗೆ ಚಿಕ್ಕಂದಿನಿಂದ ಡಾಕ್ಟರಾಗಬೇಕೆಂಬ ಜಡ್ಡು ಇರುತ್ತದೆ. ಐದೂವರೆ ವರ್ಷ ಕಾಲೇಜಿನಲ್ಲಿಟ್ಟು ಉಪಚರಿಸಿದ ಹೊರತು ಗುಣವಾಗುವಂತಿಲ್ಲ.' ಕಾಲೇಜಿನವರು ಕ್ಯಾಂಪಿನ ಡಾಕ್ಟರರಿಂದ ಆರೋಗ್ಯದ ಪತ್ರ ಕೇಳಿದ್ದರು. ಆದ್ದರಿಂದ ಇನ್ನೊಂದು ಹಾಳೆಯಲ್ಲಿ, 'ಸದರಿ ವಿದ್ಯಾರ್ಥಿ ಸಂಪೂರ್ಣ ಆರೋಗ್ಯವಂತನಿದ್ದಾನೆ' ಎಂದೂ ಬರೆದ. ಎರಡಕ್ಕೂ ಒಂದೇ ಮೊಹರು ಬಿತ್ತು. ಎರಡೂ ನಿಜವೇ ಆಗಿದ್ದವು.

ಮೇಲಿನ ಕಚೇರಿಯಿಂದ ಬಂದದ್ದು ಒಂದೇ ಪ್ರಶ್ನೆ: ರೋಗ ಅಂಟುವಂಥದ್ದೇ? 'ಹೆಂಡತಿಗೆ ಸ್ವಲ್ಪ ತಗುಲಿದೆ, ಅಂಕಿಗಳಿಂದ ಅಕ್ಷರಗಳಿಗೆ ಏರುತ್ತಿದೆ. ಮಕ್ಕಳಲ್ಲಿ ಲಕ್ಷಣಗಳು ಕಾಣಿಸುತ್ತಿವೆ' ಎಂದು ಅವನು ಉತ್ತರ ಬರೆದ. ಹಾಗಿದ್ದಲ್ಲಿ ರೋಗಿಯನ್ನು ಕೂಡಲೇ ಕ್ಯಾಂಪಿನಿಂದ ದೂರ ಸಾಗಿಸತಕ್ಕದ್ದೆಂದು ಆದೇಶ ಬಂತು. ಅರ್ಧ ಪಗಾರ ಮನೆಗೆ ತಲುಪತಕ್ಕದ್ದು. ನೀರಿನ ಮಟ್ಟವನ್ನು ತಾತ್ಕಾಲಿಕವಾಗಿ ಹೆಂಡತಿಯೇ ಬರೆಯತಕ್ಕದ್ದು. ಡಾಕ್ಟರರ ಹುದ್ದೆ ಭರ್ತಿಯಾಗಿಯೇ ಇರತಕ್ಕದ್ದು. ಕಾಲೇಜಿನವರೂ ತಕರಾರಿಲ್ಲದೆ ಸೇರಿಸಿಕೊಂಡರು.

ಅಲ್ಲಿ ಅವನು ಎಲ್ಲರಿಗಿಂತ ಹಿಂದಿದ್ದ, ಎಲ್ಲರಿಗಿಂತ ಮೊದಲು ಏಳುತ್ತಿದ್ದ. ಮೂರು ತಾಸಿಗೊಮ್ಮೆ ತಾನಾಗಿ ಎಚ್ಚರವಾಗುತ್ತಿತ್ತು. ಎದ್ದು ಮೂಳೆಗಳ ಹೆಸರು ಬಾಯಿಪಾಠ ಮಾಡುತ್ತಿದ್ದ. ಆರು ತಿಂಗಳಿಗೊಮ್ಮೆ ಕಾಯಿಲೆಯ ಪ್ರಗತಿ ವರದಿ ಕಳಿಸುವ ನಿಯಮವಿತ್ತು. ಅವನು ಅಂಕಪಟ್ಟಿ ಕಳಿಸುತ್ತಿದ್ದ. ಮೊದಲ ಸಲ ಅಂಕ ಕಡಿಮೆ ಬಂದಾಗ, ರೋಗಿ ಚೇತರಿಸಿಕೊಳ್ಳುತ್ತಿರುವಂತೆ ಕಾಣುವುದರಿಂದ ಕೆಲಸಕ್ಕೆ ಏಕೆ ಹಾಜರಾಗಬಾರದೆಂದು ನೋಟೀಸು ಬಂತು. ಹೆದರಿ ಹಗಲಿರುಳು ಓದಿದ. ಮುಂದಿನ ಸಲ ಅಂಕ ಎಷ್ಟು ಏರಿತೆಂದರೆ, ಕಚೇರಿ ತೀವ್ರ ಸಂತಾಪ ವ್ಯಕ್ತಪಡಿಸಿ ರಜೆಯನ್ನು ಖಾಯಂ ಮಾಡಿತು.

ಬೇಸಿಗೆಗೆ ಅವನು ಊರಿಗೆ ಬಂದಾಗ ಕರೆಮ್ಮ ಮಸ್ಕಿಯ ಬಸ್ ನಿಲ್ದಾಣಕ್ಕೇ ಬಂದು ಕಾಯುತ್ತಿದ್ದಳು. ಅಲ್ಲಿ ಚಾ ಮಾರುವ ಜಂಗ್ಲಿಸಾಬ್ ಅವನನ್ನು ಮೇಲಿಂದ ಕೆಳತನಕ ನೋಡಿ, ಮಗನ ಜಡ್ಡು ಹ್ಯಾಂಗೈತವ್ವಾ ಎಂದು ವಿಚಾರಿಸಿದ.

"ಒಂದು ವರ್ಷದ್ದು ಪಾಸಾಗೈತಪ್ಪಾ," ಎಂದಳು ಕರೆಮ್ಮ ಸಂತೋಷದಿಂದ. "ಇನ್ನಾ ನಾಕೂವರಿ ವರ್ಷ ಐತಂತ."

"ದೇವ್ರು ದೊಡ್ಡಾವ. ನಡುವ ಕಡಿಮಿ ಆಗದಂಗ ನೋಡ್ಕೋರಿ," ಎಂದು ಜಂಗ್ಲಿಸಾಬ್ ರೋಗಿಗೆ ಸಕ್ಕರೆ ಹೆಚ್ಚು ಹಾಕಿ ಚಾ ಕೊಟ್ಟ. ಸುತ್ತ ನಿಂತವರೆಲ್ಲ ಹೌದೆಂದು ತಲೆಯಾಡಿಸಿದರು. ಅಮರಗುಂಡಪ್ಪ ಮರ್ಯಾದೆಗೆಂದು ಒಮ್ಮೆ ಕೆಮ್ಮಿದ.