ಸಂಡಿಗೆಯ ನಡುವೆ ಒಂದು ಹವಳ

ಇಡೀ ವಿಜಾಪುರದಲ್ಲಿ ಸಮುದ್ರದ ಚಿಂತೆ ಹಚ್ಚಿಕೊಂಡ ಮನುಷ್ಯ ಒಬ್ಬನೇ ಇದ್ದ. ಅವನು ನಮ್ಮ ಮಾಮಾ, ಅವ್ವನ ತಮ್ಮ! ಅರವತ್ತರ ದಶಕದ ಸುರುವಿನ ಮಾತಿದು. ಬೇಸಿಗೆಯಲ್ಲಿ ಬಾವಿಯ ತಳ ಕಂಡಿತೆಂದು ನಾವೆಲ್ಲ ಗೋಳಾಡುತ್ತಿದ್ದರೆ ಈತ ಕಟ್ಟೆಯ ಮೇಲೆ ಕೂತು, "ನಮ್ಮದು ಬಿಡ್ರಿ, ಈ ಬಿಸಲಾಗ ಸಮುದ್ರದ ಗತಿ ಏನಾಗಿರಬೇಕು!" ಎಂದು ನಿಟ್ಟುಸಿರು ಬಿಡುತ್ತಿದ್ದ.

"ಅದರಾಗ ನೀರರ ಅದಾವಲ್ಲೋ! ನಮ್ಮ ಕೊಡಾ ನೋಡು," ಎಂದು ಅವ್ವ ಬರಿಗೊಡವನ್ನು ಅವನ ಮುಂದೆ ಕುಕ್ಕುತ್ತಿದ್ದಳು.

ಮಾಮಾ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಅದಕ್ಕೂ ಮೊದಲು ರಾಮೇಶ್ವರದ ಕಡೆ ಸಮುದ್ರದಂಡೆಯ ಒಂದು ಪ್ರಯೋಗಶಾಲೆಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದ. ಬೇರೆಯವರಾಗಿದ್ದರೆ ಅಲ್ಲಿಂದ ಶಂಖವನ್ನೋ ಕವಡೆಯನ್ನೋ ತರುತ್ತಿದ್ದರು. ಈತ ತಂದದ್ದು ಒಂದು ಕತೆ. ಅದನ್ನು ಸಾಲೆಯಲ್ಲಿ ಹೇಳಿದ, ಸಂತೆಯಲ್ಲಿ ಹೇಳಿದ. ಒಮ್ಮೆ ಬಸ್ಸಿನಲ್ಲಿ ಕಂಡಕ್ಟರನಿಗೆ ಹೇಳುತ್ತ ಹೇಳುತ್ತ, ಇಳಿಯಬೇಕಿದ್ದ ತಿಕೋಟಾವನ್ನೇ ದಾಟಿಹೋದ. ಬಸ್ಸು ನಿಲ್ಲಿಸಬೇಕಿದ್ದ ಕಂಡಕ್ಟರನೂ ಬಾಯಿ ತೆರೆದು ಕೇಳುತ್ತ ನಿಂತಿದ್ದನಂತೆ!

ಕತೆ ಇಷ್ಟೇ. ಹವಳವೆಂಬುದು ಕಲ್ಲಲ್ಲ, ಜೀವ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಮನೆ ಮಾಡಿಕೊಂಡಿರುತ್ತದೆ. ಹವಳ ಇರಲು ಜಾಗ ಕೊಡುತ್ತದೆ, ಪಾಚಿ ಬಿಸಿಲಿನಲ್ಲೇ ಅಡುಗೆ ಮಾಡಿ ಹವಳಕ್ಕೂ ಬಡಿಸುತ್ತದೆ. ಹವಳದ ಬಣ್ಣವೂ ಬಹುಪಾಲು ಆ ಪಾಚಿಯದೇ. ನೀರು ರೂಢಿಗಿಂತ ಒಂದೆರಡು ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೇ ನಿಂತರೆ ಸಾಕು, ಇಬ್ಬರ ಹೊಂದಿಕೆ ಕೆಡುತ್ತದೆ. ಹವಳ ಪಾಚಿಯನ್ನು ಹೊರಗೆ ಹಾಕಿ, ತಾನು ಸುಣ್ಣದ ಹಾಗೆ ಬೆಳ್ಳಗಾಗಿ ಕೂರುತ್ತದೆ.

"ಅಡಗಿ ಮಾಡಾಕಿನ್ನ ಹೊರಗ ಹಾಕಿದ ಮ್ಯಾಲೆ ಯಾವನಾದ್ರೂ ಬೆಳ್ಳಗ ಆಗಾವನ!" ಎಂದು ಅಪ್ಪ ಚಾಷ್ಟಿ ಮಾಡುತ್ತಿದ್ದ.

"ಆದ್ರ ಸತ್ತಿರೂದಿಲ್ರಿ ಅದು, ಹಸದಿರತೈತಿ. ಲಗೂನ ತಂಪಾತಂದ್ರ ಪಾಚಿ ಹೊಳ್ಳಿ ಬರತೈತಿ. ತಡಾ ಆತಂದ್ರ ಮುಗೀತು," ಎನ್ನುವಾಗ ಮಾತ್ರ ಮಾಮಾ ನಗುತ್ತಿರಲಿಲ್ಲ.

ಈ ಕತೆ ನಮ್ಮ ಅಕ್ಕನ ಮದುವೆಗೇ ಕಲ್ಲು ಹಾಕುತ್ತದೆಂದು ಯಾರಿಗೆ ಗೊತ್ತಿತ್ತು?

ಅಕ್ಕನಿಗೆ ಎರಡು ಸಂಬಂಧ ಬಂದು ತಪ್ಪಿದ್ದವು. ಮೂರನೆಯದು ಬಬಲೇಶ್ವರದ್ದು. ಹುಡುಗ ಅವಳಿಗೆ ಮನಸ್ಸಿಗೆ ಬಂದಿದ್ದಾನೆಂದು ಅವಳು ಹೇಳದಿದ್ದರೂ ನನಗೆ ಗೊತ್ತಾಗಿತ್ತು. ಎಂಟು ದಿನದಿಂದ ಅವಳು ನನ್ನ ಜೊತೆ ಜಗಳವನ್ನೇ ಆಡಿರಲಿಲ್ಲ! ವೈಶಾಖದ ಒಂದು ಮಧ್ಯಾಹ್ನ ನಿಶ್ಚಯಕ್ಕೆಂದು ಬೀಗರು ಬಂದರು. ಅಕ್ಕನ ಹಣೆಗೆ ಕುಂಕುಮ ಹಚ್ಚಿದರೆ ಮುಗಿಯಿತು. ಅದಕ್ಕೂ ಮೊದಲು ಹುಡುಗನ ತಾಯಿ, ತಾಳಿಗೆ ಪೋಣಿಸಲು ತಂದಿದ್ದ ಹವಳಗಳ ಡಬ್ಬಿ ತೆರೆದು ಹೆಮ್ಮೆಯಿಂದ ಮಾಮಾನ ಮುಂದೆ ಹಿಡಿದರು.

"ಮಾಸ್ತರ್ರ, ನೋಡ್ರಿ, ಹವಳ ಹೆಂಗದಾವು?"

ಕೇಳಬಾರದವನನ್ನು ಕೇಳಿಬಿಟ್ಟರು! ಅವ್ವ ಕಣ್ಣು ಬಿಟ್ಟಳು, ಅಪ್ಪ ಕೆಮ್ಮಿದ. ಮಾಮಾ ಆಗಲೇ ಸಮುದ್ರಕ್ಕೆ ಇಳಿದಾಗಿತ್ತು. ಜೀವ ಅಂದ, ಪಾಚಿ ಅಂದ, ಕೊನೆಗೆ "ಶೆಕಿ ಹೆಚ್ಚಾತಂದ್ರ ಹವಳ ಬೆಳ್ಳಗಾಗತಾವ್ರಿ" ಎಂದೂ ಅಂದ.

ಬೀಗತಿಯ ಮುಖವೇ ಬೆಳ್ಳಗಾಯಿತು. ತಾಳಿಯ ಹವಳ ಬಿಳಿಚಿದರೆ ಗಂಡನ ಆಯುಷ್ಯಕ್ಕೆ ಕೇಡೆಂದು ನಂಬಿದವರು ಅವರು. ವಿಜಾಪುರದ ಶೆಕೆಯೇನು ಸಣ್ಣದೆ? ಡಬ್ಬಿ ಟಪ್ಪೆಂದು ಮುಚ್ಚಿತು.

"ಶುಭದ ಹೊತ್ತಿನಾಗ ಇದೆಂಥಾ ಮಾತ್ರಿ! ನಾಲ್ಕರ ಬಸ್ಸಿಗೆ ನಾವು ಹೋಗತೇವಿ."

ಒಳಗೆ ಅಕ್ಕ ಸೆರಗಿನ ಚುಂಗು ಕಚ್ಚಿಕೊಂಡು ನಿಂತಿದ್ದಳು. ಕುಂಕುಮ ಹಚ್ಚದೆ ಬೀಗರು ಎದ್ದು ಹೋದರೆಂದು ಊರಿಗೆ ಗೊತ್ತಾದರೆ ನಾಲ್ಕನೆಯ ಸಂಬಂಧ ಕನಸಿನ ಮಾತು. ಮಾಮಾನ ಮೇಲೆ ನನಗೆ ಅಂದು ಬಂದಷ್ಟು ಸಿಟ್ಟು ಮತ್ತೆಂದೂ ಬರಲಿಲ್ಲ.

"ಅದು ಸಮುದ್ರದಾಗ ಜೀವಂತ ಇರೂ ಹವಳದ ಮಾತ್ರಿ, ಅಕ್ಕಾರ!" ಮಾಮಾ ಬೆವರುತ್ತಿದ್ದ. "ತಾಳಿ ಹವಳದ ಜಾತೀನ ಬ್ಯಾರೆ. ಅದರಾಗ ಪಾಚಿ ಇರೂದಿಲ್ಲ. ಅದರ ಕೆಂಪು ಅದರ ಎಲುಬಿಂದ್ರಿ."

"ಎಲುಬು?" ಬೀಗತಿ ಚೀರಿದರು. ಅಪ್ಪ ಹಣೆ ಹಣೆ ಬಡಿದುಕೊಂಡ.

ಆಗ ಮಾಮಾ ಅಂಗಿಯ ಒಳಕಿಸೆಗೆ ಕೈ ಹಾಕಿ ಒಂದು ಕೆಂಪು ಹವಳ ತೆಗೆದ. "ಇದನ್ನ ಮಾಳಗಿ ಮ್ಯಾಲೆ ಬಿಸಲಾಗ ಇಡತೇನ್ರಿ. ಬಸ್ಸಿನ ಹೊತ್ತಿಗೆ ಒಂಚೂರು ಬಿಳಪಾಗಿದ್ರ ನೀವು ಹೋಗಬಿಡ್ರಿ."

ಮಾಳಿಗೆಯ ಮೇಲೆ ಅವ್ವನ ಸಂಡಿಗೆ ಒಣಗುತ್ತಿದ್ದವು. ಅವುಗಳ ನಡುವೆ ಹವಳವಿಟ್ಟು ಮಾಮಾ ಪಕ್ಕದಲ್ಲಿ ಕೂತ. ಎಲ್ಲಿ ಹವಳ ಬದಲಿಸಿಬಿಡುತ್ತಾನೋ ಎಂದು ಬೀಗತಿಯೂ ಬಾಗಿಲ ನೆರಳಲ್ಲಿ ಕೂತರು. ಕಾಗೆ ಓಡಿಸುವ ಕೆಲಸ ನನ್ನದು. ಎರಡು ತಾಸು! ಕಾಲಿಟ್ಟರೆ ಬೊಬ್ಬೆ ಏಳುವಂಥ ಬಿಸಿಲು. ಮಾಮಾ ಕೊಡೆಯೂ ಬೇಡವೆಂದ. ಗಳಿಗೆಗೊಮ್ಮೆ ಬೀಗತಿ "ತುಸು ಮಬ್ಬಾತಲ್ರಿ?" ಎನ್ನುವುದು, ನಾನು ಬಗ್ಗಿ ಬಗ್ಗಿ ನೋಡುವುದು.

ಮೂರೂವರೆಯ ಹೊತ್ತಿಗೆ ಒಂದು ಕಾಗೆ ಎರಗಿತು. ನಾನು ಕೋಲು ಎತ್ತುವುದರೊಳಗೆ ಮಾಮಾ ಸಂಡಿಗೆಯ ಮೇಲೆ ಅಡ್ಡಬಿದ್ದ. ಅವ್ವನ ಎರಡು ದಿನದ ಕೆಲಸ ಪುಡಿಪುಡಿ! ಕಾಗೆ ಕೊಕ್ಕಿನಲ್ಲಿ ಏನನ್ನೋ ಕಚ್ಚಿಕೊಂಡು ಹಾರಿಹೋಯಿತು. ಮಾಮಾ ಮೊಣಕಾಲೂರಿ ಆ ಪುಡಿಯಲ್ಲಿ ಬೆರಳಾಡಿಸತೊಡಗಿದ. "ಎಲ್ಲೈತಿ? ಎಲ್ಲೈತಿ ನೋಡ ಯವ್ವಾ!" ಎಂದು ನನ್ನನ್ನು ಅಂಗಲಾಚಿದ. ಒಂದು ಪ್ರಯೋಗಕ್ಕಾಗಿ ಯಾರಾದರೂ ಹಾಗೆ ಗೋಗರೆಯುತ್ತಾರೆಯೆ? ಕೊನೆಗೆ ಬೀಗತಿಯೇ ಎದ್ದು ಬಂದು ಪುಡಿಯೊಳಗಿಂದ ಹವಳವನ್ನು ಹೆಕ್ಕಿದರು. ಕೆಂಪಗೇ ಇತ್ತು, ಎಳ್ಳಷ್ಟೂ ಮಾಸಿರಲಿಲ್ಲ.

"ಯಾರದ್ರಿ ಇದು?" ಅವರ ದನಿ ಇಳಿದಿತ್ತು.

"ನಮ್ಮಾಕಿದ್ರಿ."

ಮಾಮಾನ ಹೆಂಡತಿ, ಅಂದರೆ ನಮ್ಮ ಅತ್ತೆ, ಜ್ವರ ಬಂದು ತೀರಿಕೊಂಡಾಗ ಮಾಮಾ ಆ ಸಮುದ್ರದಂಡೆಯಲ್ಲಿದ್ದ. ತಾರು ಮುಟ್ಟಿ, ರೈಲು ಬದಲಿಸಿ ಬದಲಿಸಿ ಊರು ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಾಳಿಯಿಂದ ಬಿಚ್ಚಿಟ್ಟಿದ್ದ ಒಂದು ಹವಳವನ್ನು ಅವ್ವ ಅವನ ಕೈಗೆ ಹಾಕಿದ್ದಳಂತೆ. ಅದನ್ನು ಈತ ಕಿಸೆಯಲ್ಲೇ ಇಟ್ಟುಕೊಂಡು ತಿರುಗುತ್ತಾನೆಂದು ಅವ್ವನಿಗೂ ಗೊತ್ತಿರಲಿಲ್ಲ. ನನ್ನ ಸಿಟ್ಟೆಲ್ಲ ಕರಗಿತು.

ಬೀಗತಿ ಆ ಹವಳವನ್ನು ಕಣ್ಣಿಗೆ ಒತ್ತಿಕೊಂಡರು. "ಮುತ್ತೈದಿಯಾಗಿ ಹ್ವಾದಾಕಿದು. ನಮ್ಮ ಸೊಸಿ ತಾಳ್ಯಾಗ ಇದನ್ನೂ ಪೋಣಸೂಣ್ರಿ, ಮಾಸ್ತರ್ರ. ಕೊಡತೀರಿಲ್ಲೋ?"

ಬಸ್ಸಿನ ಹೊತ್ತಾಯಿತೆಂದು ಕೆಳಗಿನಿಂದ ಯಾರೋ ಕೂಗಿದರು. ಮಾಮಾ ಕೈಚಾಚಿ ಹವಳವನ್ನು ಇಸಿದುಕೊಂಡು ಮುಷ್ಟಿ ಮುಚ್ಚಿದ.

"ಕೊಡತೇನ್ರಿ. ಇನ್ನೂ ಬಿಸಿ ಐತಿ, ಒಂಚೂರು ಆರಲಿ."

ಹಾಗೆಂದು ನೆರಳಿಗೆ ಬಂದು ಕೂತ. ಅಷ್ಟು ಸಣ್ಣ ಹವಳ ಆರುವುದಕ್ಕೆ ಎಷ್ಟು ಹೊತ್ತು ಬೇಕು? ನಾಲ್ಕರ ಬಸ್ಸು ಹೋಯಿತು. ಬೀಗತಿ ಅವಸರ ಮಾಡಲಿಲ್ಲ, ಅವನ ಪಕ್ಕದಲ್ಲೇ ಕೂತರು.