ಆರು ಗುಂಟೆಯ ತಕರಾರು

ಖಂಡಪ್ಪನ ತಲೆ ಕೆಡಿಸಿದ್ದು ನೋಟಿಸಿನಲ್ಲಿದ್ದ ಒಂದೇ ಒಂದು ಶಬ್ದ: ‘ಸುಮಾರು.’

ಗೊಬ್ಬೂರಿನ ಹೊರಗೆ ರಸ್ತೆ ಹಾವಿನಂತೆ ಹೊರಳುವ ಜಾಗದಲ್ಲಿ ಅವನ ಹೊಲವಿತ್ತು. ಆ ತಿರುವನ್ನು ನೇರ ಮಾಡಲು ಅವನ ಹೊಲದ ದಕ್ಷಿಣದ ಮೂಲೆ ಬೇಕೆಂದು ಸರಕಾರದ ನೋಟಿಸು ಬಂದಿತ್ತು. ‘ಸುಮಾರು ಆರು ಗುಂಟೆ’ ಎಂದು ಅದರಲ್ಲಿ ಬರೆದಿದ್ದರು. ಬೇಲಿಯಾಚೆಯ ಹೊಲ ಸುಭದ್ರಾಬಾಯಿಯದು. ಆಕೆಗೆ ನೋಟಿಸೇ ಇರಲಿಲ್ಲ. ಖಂಡಪ್ಪನ ಹೆಂಡತಿ ಸಕ್ಕುಬಾಯಿ, ಸುಮ್ಮನೆ ಸಹಿ ಮಾಡಿ ಪರಿಹಾರ ತಗೊಂಡು ಬನ್ನಿ, ಸೋರುವ ಅಡುಗೆಮನೆಗೆ ಸ್ಲ್ಯಾಬ್ ಹಾಕಿಸೋಣ ಎಂದಿದ್ದಳು. ಖಂಡಪ್ಪನಿಗೂ ಅದು ಸರಿ ಎನಿಸಿ, ನೋಟಿಸಿನ ಝೆರಾಕ್ಸ್ ಮಾಡಿಸಲು ಅಫಜಲಪುರಕ್ಕೆ ಹೋದ.

ತಪ್ಪಾದದ್ದು ಅಲ್ಲಿ. ಝೆರಾಕ್ಸ್ ಅಂಗಡಿಯ ಅಮರನಾಥ ಯಾವ ಕಾಗದವನ್ನೂ ಓದದೆ ಯಂತ್ರದೊಳಗೆ ಇಡುತ್ತಿರಲಿಲ್ಲ. ಊರವರ ದಾವೆಯ ಕಾಗದಗಳನ್ನು ಓದಿ ಓದಿ ಅವನು ಅರ್ಧ ವಕೀಲನಾಗಿದ್ದ. ಯಾವ ಅರ್ಧ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

“ಖಂಡಪ್ಪಣ್ಣಾ, ಸುಮಾರು ಅಂದ್ರ ಏನ್ರಿ? ನಾಳೆ ಎಂಟು ಗುಂಟೆ ತಗೊಂಡು ಆರಕ್ಕ ರೊಕ್ಕ ಕೊಟ್ರ ಯಾರನ್ನ ಕೇಳ್ತೀರಿ? ಜಮೀನಿನ ಮಾಲಕಗ ಹಕ್ಕದ. ನಕಾಶಿ ಪ್ರಕಾರ, ಹಳೇ ಬಾಂದ ಕಲ್ಲಿನಿಂದ ಅಳೀರಿ ಅಂತ ತಕರಾರು ಅರ್ಜಿ ಹಾಕ್ರಿ.”

ಐವತ್ತನಾಲ್ಕು ವರ್ಷದಲ್ಲಿ ಖಂಡಪ್ಪ ಯಾವುದನ್ನೂ ಹಕ್ಕಿನಿಂದ ಕೇಳಿದವನಲ್ಲ. ಮದುವೆಯ ಊಟದಲ್ಲಿ ಎರಡನೇ ಸಲ ಬಡಿಸಲು ಯಾರೂ ಬರದಿದ್ದರೆ ಎಲೆ ಮಡಚಿ ಎದ್ದುಬಿಡುವ ಮನುಷ್ಯ. ಅಂಥವನ ತಲೆಯ ಮೇಲೆ ‘ಹಕ್ಕು’ ಎಂಬ ಮಾತು ಹೊಸ ರುಮಾಲಿನಂತೆ ಕೂತಿತು. ಅರ್ಜಿಯನ್ನು ಅಮರನಾಥನೇ ಬರೆದ, ಖಂಡಪ್ಪ ಸಹಿ ಮಾಡಿದ.

ಒಂದು ತಿಂಗಳ ಮೇಲೆ, ಒಂದು ಬುಧವಾರ ಬೆಳಿಗ್ಗೆ ಭೂಸ್ವಾಧೀನ ಕಚೇರಿಯ ಸಾಹೇಬರ ಜೀಪು ಹೊಲಕ್ಕೆ ಬಂತು. ಸರ್ವೇಯರ್ ಬುರಾನುದ್ದೀನ ಮೂರು ಕಾಲಿನ ಯಂತ್ರ ಇಳಿಸಿದ. ಅದನ್ನು ನೋಡಲು ಅರ್ಧ ಊರು ಬಂದಿತ್ತು; ಅಮರನಾಥನೂ ಅಂಗಡಿ ತಮ್ಮನಿಗೆ ಒಪ್ಪಿಸಿ ಬಂದಿದ್ದ.

ಸಾಹೇಬರು ಒಳ್ಳೆಯ ಮನುಷ್ಯರು. ಖಂಡಪ್ಪನನ್ನು ಪಕ್ಕಕ್ಕೆ ಕರೆದು, ಈಗಿರುವ ಬೇಲಿಯ ಪ್ರಕಾರ ಆರು ಗುಂಟೆಯೂ ನಿಮ್ಮ ಹೆಸರಿಗೇ ಇದೆ, ಅರ್ಜಿ ಹಿಂದಕ್ಕೆ ತಗೊಂಡರೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ ಎಂದರು. ಒಮ್ಮೆ ಅಳೆದ ಮೇಲೆ ಏನು ಬಂತೋ ಅದನ್ನೇ ಬರೆಯಬೇಕಾಗುತ್ತದೆ ಎಂದೂ ತಿಳಿಸಿ ಹೇಳಿದರು. ಖಂಡಪ್ಪ ಅಮರನಾಥನ ಕಡೆ ನೋಡಿದ. ಅಮರನಾಥ ಅಡ್ಡಡ್ಡ ತಲೆಯಾಡಿಸಿದ.

“ಅಳೀರಿ ಸಾಹೇಬ್ರ. ಅದು ನನ್ನ ಹಕ್ಕದ” ಎಂದ ಖಂಡಪ್ಪ. ಹೇಳಿದ ಮೇಲೆ ತನ್ನ ದನಿಗೆ ತಾನೇ ಸ್ವಲ್ಪ ಬೆದರಿದ.

ಬಾಂದ ಕಲ್ಲು ಹುಡುಕಬೇಕಾಯಿತು. ಹಳೆಯ ಅಳತೆಯವರು ಹೊಲದ ಗಡಿಯ ಮೂಲೆಗೆ ನೆಟ್ಟ ಆ ಕಲ್ಲನ್ನು ಈಗಿನವರು ಯಾರೂ ಕಂಡಿರಲಿಲ್ಲ. ಎಂಬತ್ತು ದಾಟಿದ ದೊಡ್ಡಪ್ಪನೆಂಬ ಮುದುಕ ಮಾತ್ರ, ಹುಡುಗನಿದ್ದಾಗ ಅದರ ಮೇಲೆ ಕೂತು ಶೇಂಗಾ ತಿಂದಿದ್ದೇನೆ ಎಂದು ಕೋಲೂರಿ ಮುಂದೆ ಬಂದ. ಅವನು ತೋರಿಸಿದಲ್ಲಿ ಅಗೆದರೆ ಒಡೆದ ಮಡಕೆ ಸಿಕ್ಕಿತು. ಇನ್ನೊಂದು ಕಡೆ ಅಗೆದರೆ ಚೇಳು ಹೊರಬಂದು, ಕಾನೂನು ಹೇಳುತ್ತ ನಿಂತಿದ್ದ ಅಮರನಾಥ ಜೀಪಿನ ಬಾನೆಟ್ ಏರಿದ. ಮೂರನೆಯ ಗುಂಡಿಗೆ ಖಂಡಪ್ಪನೇ ಹಾರೆ ಹಿಡಿದ. ಎರಡೇ ಏಟಿಗೆ ಊರಿಗೆ ಹೋಗುವ ನೀರಿನ ಪೈಪು ಒಡೆದು, ನೀರು ಆಳೆತ್ತರ ಚಿಮ್ಮಿ, ಸಾಹೇಬರು ಇಸ್ತ್ರಿ ಮಾಡಿದ ಪ್ಯಾಂಟಿನ ಸಮೇತ ತೊಯ್ದರು. ಅರ್ಧ ಗಂಟೆಯಲ್ಲಿ ಓಣಿಯ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ಹೊಲಕ್ಕೇ ಬಂದರು. ಅವರಾಡಿದ ಮಾತುಗಳಲ್ಲಿ ಖಂಡಪ್ಪನ ಹಕ್ಕಿನ ಬಗ್ಗೆ ಒಳ್ಳೆಯದು ಒಂದೂ ಇರಲಿಲ್ಲ. ಪೈಪು ತಾನೇ ರಿಪೇರಿ ಮಾಡಿಸುತ್ತೇನೆಂದು ಎಲ್ಲರೆದುರು ಒಪ್ಪಿಕೊಂಡು, ಎಲ್ಲರಿಗೂ ಚಹಾ ಮಿರ್ಚಿಭಜಿ ತರಿಸಿದ ಮೇಲೆಯೇ ಅವನಿಗೆ ಬಿಡುಗಡೆ.

ಈ ಗದ್ದಲಕ್ಕೆ ಸುಭದ್ರಾಬಾಯಿಯೂ ಕಳೆ ಕೀಳುವುದನ್ನು ಬಿಟ್ಟು ಬೇಲಿಯ ಹತ್ತಿರ ಬಂದಳು. ತನ್ನ ಬುತ್ತಿಯ ಮಜ್ಜಿಗೆಯನ್ನು ಸಾಹೇಬರಿಗೆ ಕೊಟ್ಟಳು. ಖಂಡಪ್ಪ ಅಮರನಾಥನಿಂದ ಕಲಿತದ್ದನ್ನೆಲ್ಲ ಆಕೆಗೆ ಒಪ್ಪಿಸಿದ. ಜಮೀನಿದ್ದವರು ಹೀಗೆ ಸುಮ್ಮನಿರಬಾರದು, ನಕಾಶಿ ಕೇಳಬೇಕು, ಅಳತೆ ಕೇಳಬೇಕು ಎಂದ. ಆಕೆ ನಕ್ಕಳು.

“ನನಗ ನೋಟಿಸೇ ಬಂದಿಲ್ಲ ಅಣ್ಣಾ. ನಾ ಏನ್ ಕೇಳ್ಲಿ?”

ಕೊನೆಗೆ ಬುರಾನುದ್ದೀನ ದೊಡ್ಡಪ್ಪನ ನೆನಪನ್ನು ಬದಿಗಿಟ್ಟು ನಕಾಶೆಯನ್ನು ಹಿಡಿದ. ದೂರದ ಎರಡು ಕಲ್ಲುಗಳಿಂದ ಲೆಕ್ಕ ಹಾಕಿ, ಖಂಡಪ್ಪನ ಹೊಲದೊಳಗಿನ ಜಾಲಿಯ ಪೊದೆಯೊಂದನ್ನು ತೋರಿಸಿದ. ಖಂಡಪ್ಪ ತಾನೇ ತೆವಳುತ್ತ ಒಳಗೆ ನುಗ್ಗಿದ. ಅಂಗಿಯ ಬೆನ್ನು ಮುಳ್ಳಿನ ಪಾಲಾಯಿತು. ಆದರೆ ಕೈಗೆ ಕಲ್ಲು ತಾಗಿತು. ಅಮರನಾಥ ದೂರದಿಂದಲೇ ಬೇಲಿ ಸುಳ್ಳು, ಬೇಲಿ ಸುಳ್ಳು ಎಂದು ಕುಣಿದ. ಬೇಲಿ ಸುಳ್ಳಾದರೆ ತನ್ನ ಜಮೀನು ಹೆಚ್ಚೇ ಆಗಬೇಕೆಂದು ಖಂಡಪ್ಪನಿಗೂ ಖಾತ್ರಿಯಾಯಿತು. ಕಲ್ಲಿಗೆ ವಿಭೂತಿ ಹಚ್ಚಿ, ಕೈಮುಗಿದು, ತೆಂಗಿನಕಾಯಿ ಒಡೆದ.

ಬುರಾನುದ್ದೀನ ಒಂದು ತಾಸು ಅಳೆದ. ಬೆವರು ಒರೆಸಿಕೊಂಡು ಸಾಹೇಬರ ಹತ್ತಿರ ಬಂದ.

“ಸಾಹೇಬ್ರ, ಇವ್ರು ಹೇಳಿದ್ದು ಖರೇ ಅದರಿ. ರಸ್ತಾಕ್ಕ ಹೋಗೋದು ಆರಲ್ಲ, ಎಂಟು ಗುಂಟೆ.”

ಜನ ಚಪ್ಪಾಳೆ ತಟ್ಟಿದರು. ದೊಡ್ಡಪ್ಪ ಇದೆಲ್ಲ ತನ್ನಿಂದಲೇ ಆದದ್ದೆಂಬಂತೆ ಮೀಸೆ ತಿರುವಿದ. ಖಂಡಪ್ಪನ ಕಣ್ಣಲ್ಲಿ ನೀರು ಬಂತು.

“ಆದ್ರ ಬೇಲಿ ತಪ್ಪದರಿ” ಎಂದು ಬುರಾನುದ್ದೀನ ಮುಂದುವರಿಸಿದ. “ಗಡಿ ಹಾಯೋದು ಈ ಕಲ್ಲಿನ ಮ್ಯಾಲ. ಕಲ್ಲಿನ ಆ ಕಡೀದು ಖಂಡಪ್ಪಂದು. ಈ ಕಡೀದು ಸುಭದ್ರಾಬಾಯಿದು.”

ಎಲ್ಲರೂ ‘ಈ ಕಡೆ’ ನೋಡಿದರು. ರಸ್ತೆಯ ಗೂಟಗಳು, ಜೀಪು, ಮೂರು ಗುಂಡಿಗಳು, ತೆಂಗಿನಕಾಯಿಯ ಎರಡು ಹೋಳು, ಅವುಗಳ ನಡುವೆ ಖಂಡಪ್ಪ, ಎಲ್ಲವೂ ಈ ಕಡೆಗೇ ಇದ್ದವು. ಅವನ ಅಜ್ಜನ ಕಾಲದಲ್ಲಿ ಯಾರೋ ಕಣ್ಣಳತೆಯಲ್ಲಿ ಹಾಕಿದ ಬೇಲಿ. ಅದನ್ನು ಇಲ್ಲಿಯವರೆಗೆ ಯಾರೂ ಪ್ರಶ್ನೆ ಮಾಡಿರಲಿಲ್ಲ.

“ಅಂದ್ರ... ನಂದು ಎಷ್ಟು ಹೋಗ್ತದ್ರಿ?” ಖಂಡಪ್ಪನ ದನಿ ಪಾತಾಳದಿಂದ ಬಂತು.

“ನಿಮ್ದು ಒಂದು ಹಿಡಿ ಮಣ್ಣೂ ಹೋಗಂಗಿಲ್ಲ” ಎಂದರು ಸಾಹೇಬರು, ಸಮಾಧಾನ ಹೇಳುವವರಂತೆ. “ನಿಮ್ಮ ಹಕ್ಕು ಪೂರಾ ಉಳೀತು.”

ಅಮರನಾಥನಿಗೆ ಅಂಗಡಿಯ ನೆನಪು ಬಂತು. ಯಾರ ಬೈಕು ಹತ್ತಿ ಹೋದನೋ ಯಾರೂ ಕಾಣಲಿಲ್ಲ. ಸಾಹೇಬರು ಜೀಪಿನ ಮೇಲೆ ಕಾಗದವಿಟ್ಟು ಪಂಚನಾಮೆ ಬರೆದರು. ಎಂಟು ಗುಂಟೆಯ ಪರಿಹಾರಕ್ಕೆ ಸುಭದ್ರಾಬಾಯಿಯ ಹೆಸರು ಬಿತ್ತು. ಅಳತೆ ಕೇಳಿದ್ದು ಖಂಡಪ್ಪನಾದ್ದರಿಂದ, ‘ಅಳತೆ ನನ್ನ ಕೋರಿಕೆಯಂತೆ ಆಗಿದ್ದು, ಪೂರ್ಣ ಸಮಾಧಾನವಿದೆ’ ಎಂಬ ಸಾಲಿನ ಕೆಳಗೆ ಮೊದಲ ಸಹಿ ಅವನೇ ಮಾಡಬೇಕಾಯಿತು. ಬೆಳಿಗ್ಗೆ ಹತ್ತು ನಿಮಿಷದಲ್ಲಿ ಆಗಬೇಕಿದ್ದ ಸಹಿ ಸಂಜೆ ನಾಲ್ಕಕ್ಕೆ ಆಯಿತು.

ಮನೆಯ ಬಾಗಿಲಲ್ಲೇ ಸಕ್ಕುಬಾಯಿ ಕಾಯುತ್ತಿದ್ದಳು.

“ಹೆಚ್ಚಾತೇನ್ರಿ?”

“ಆತು. ಆರು ಇದ್ದಿದ್ದು ಎಂಟಾತು.”

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಯಾರದೆಂದು ಅವಳು ಕೇಳಲಿಲ್ಲ, ಇವನು ಹೇಳಲಿಲ್ಲ. ಹರಿದ ಅಂಗಿ ನೋಡಿದರೂ ಅವಳು ಬಯ್ಯಲಿಲ್ಲ. ಒಳಗೆ ಹೋಗಿ ಗೋಧಿ ಹುಗ್ಗಿಗೆ ಎಸರಿಟ್ಟಳು. ಬೆಲ್ಲ ಕುಟ್ಟುವ ಸದ್ದು ಕೇಳುತ್ತ, ಒಂದು ತಟ್ಟೆ ಉಂಡ ಮೇಲೆ ಹೇಳಿದರಾಯಿತೆಂದು ಖಂಡಪ್ಪ ಕಟ್ಟೆಯ ಮೇಲೆ ಕೂತ. ಏಲಕ್ಕಿಯ ವಾಸನೆ ಹೊರಗೆ ಬರತೊಡಗಿತು.

ಅದರ ಹಿಂದೆಯೇ ಸುಭದ್ರಾಬಾಯಿ ಪೇಡೆಯ ಪೊಟ್ಟಣ ಹಿಡಿದು ಅಂಗಳಕ್ಕೆ ಬಂದಳು. ಖಂಡಪ್ಪ ಕೈಸನ್ನೆ ಮಾಡಿದ್ದನ್ನು ಆಕೆ ನಮಸ್ಕಾರವೆಂದು ತಿಳಿದು ತಾನೂ ಕೈಮುಗಿದು, ನೇರ ಅಡುಗೆಮನೆಗೆ ಹೋದಳು.

“ಸಕ್ಕೂ, ಬಾಯಿ ಸಿಹಿ ಮಾಡ್ಕೋ ಬೇ. ಎಂಟೂ ಗುಂಟೆ ನಂದಂತ. ನನಗ ಏನ್ ಗೊತ್ತಿತ್ತು, ಎಲ್ಲಾ ನಿನ್ನ ಗಂಡನೇ ಓಡಾಡಿ ಕೊಡಿಸ್ಯಾನ.”

ಒಳಗೆ ಹುಗ್ಗಿಯ ಕೆಳಗಿನ ಗ್ಯಾಸ್ ಆರಿಸಿದ ಸದ್ದು ಖಂಡಪ್ಪನಿಗೆ ಸ್ಪಷ್ಟವಾಗಿ ಕೇಳಿಸಿತು.